ಕತ್ತಲೆಕಾನಿನಲ್ಲೊಬ್ಬ ಕುಂಬಾರ

ಸಾಗರ, ತಾಳಗುಪ್ಪ ದಾಟಿ ಹೊನ್ನಾವರದ ಕಡೆಗೆ ಹೊರಟ ಬಸ್ಸು ಮಾವಿನಗುಂಡಿ ತಲುಪುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತದೆ. ಜೋಗ ನೋಡುವವರು ಇಳಿದು ಹೋಗಿರುತ್ತಾರೆ. ಉಳಿದವರು ಕರಾವಳಿಗೆ ಹೋಗುವವರು. ಮುಂದೆ ಘಟ್ಟದ ತಿರುವುಗಳಿವೆ ಎಂದು ಅವರಲ್ಲಿ ಹಲವರು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಾರೆ. ಹಾಗೆ ಕಣ್ಣು ಮುಚ್ಚಿದವರು ನೋಡದೇ ದಾಟಿಬಿಡುವ ಜಾಗವೊಂದಿದೆ. ಅದರ ಹೆಸರು ಕತ್ತಲೆಕಾನು.

ಮಲೆನಾಡಿನಲ್ಲಿ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡಿಗೆ ಕಾನು ಎನ್ನುತ್ತಾರೆ. ಹಿಂದಿನವರು ಕಾನಿನಲ್ಲಿ ಕಾಳುಮೆಣಸು ಬೆಳೆದುಕೊಳ್ಳುತ್ತಿದ್ದರು. ಹಲವು ಕಾನುಗಳು ದೇವರ ಕಾಡುಗಳೂ ಆಗಿದ್ದವು, ಕೊಡಲಿ ಹಾಕುವಂತಿರಲಿಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಈ ಕಾನಿಗೆ 'ಕತ್ತಲೆ' ಎಂಬ ಹೆಸರು ಸುಮ್ಮನೆ ಬಂದಿಲ್ಲ. ಹಗಲು ಹನ್ನೊಂದು ಗಂಟೆಗೂ ಒಳಗೆ ಸಂಜೆಯ ಬೆಳಕು.

ನಾವು ಹೋದದ್ದು ಜೂನ್ ಕೊನೆಯ ವಾರ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿದ್ದೆವು. ಜೊತೆಯಲ್ಲಿ ಏಳನೆಯ ತರಗತಿಯ ಮೊಮ್ಮಗಳು. ದಾರಿ ತೋರಿಸಲು ಹತ್ತಿರದ ಊರಿನ ಅಡಿಕೆ ತೋಟದ ಯಜಮಾನರೊಬ್ಬರು ಬಂದಿದ್ದರು. ಹಿಂದೆ ಕಾಡಿನ ಲೆಕ್ಕಕ್ಕೆಂದು ಬಂದ ಸಂಶೋಧಕರಿಗೆ ಹಗ್ಗ ಹಿಡಿದು, ಮರಗಳ ಊರಿನ ಹೆಸರು ಹೇಳಿಕೊಟ್ಟವರು. ಮೊಮ್ಮಗಳು ಅವರನ್ನು ಮಾವ ಎಂದಳು, ಅವರು ಅವಳನ್ನು ತಂಗಿ ಎಂದರು.

"ತಂಗೀ, ಒಂದು ಪಟ್ಟಿ ಪುಸ್ತಕ ತಂದಿದ್ದೀಯಾ?" ಎಂದು ಅವರು ಕೇಳಿದರು. "ಹಾಳೆಯ ನಡುವೆ ಒಂದು ಗೆರೆ ಎಳಿ. ಎಡಗಡೆ 'ಕಂಡದ್ದು', ಬಲಗಡೆ 'ಅಂದುಕೊಂಡದ್ದು'. ಬಂದವರೆಲ್ಲ ಹಾಗೇ ಬರೆದುಕೊಳ್ಳುತ್ತಿದ್ದರು. ಎರಡನ್ನೂ ಕಲಸಬಾರದು."

ಜೀವವಿಜ್ಞಾನದ ಮೊದಲ ಪಾಠ ಇದೇ. ಕಣ್ಣಿಗೆ ಬಿದ್ದದ್ದು ಬೇರೆ, ಅದರಿಂದ ನಾವು ಊಹಿಸಿದ್ದು ಬೇರೆ. ಕಪ್ಪೆ ಕೂಗಿತು ಎಂಬುದು ಕಂಡದ್ದು (ಇಲ್ಲಿ ಕೇಳಿದ್ದು). ಕಪ್ಪೆ ಮಳೆಯನ್ನು ಕರೆಯಿತು ಎಂಬುದು ಅಂದುಕೊಂಡದ್ದು.

ಕೆಸರಿನಲ್ಲಿ ಮಂಡಿ ಊರಿದ ಮರಗಳು

ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ನೆಲ ತಗ್ಗಾಗುತ್ತದೆ, ಕಾಲು ಹೂತುಹೋಗುತ್ತದೆ. ಮರಗಳ ನಡುವೆ ಸದ್ದಿಲ್ಲದೆ ತೆಳ್ಳಗಿನ ನೀರು ಹರಿಯುತ್ತಿರುತ್ತದೆ. ಇಂಥ ಜೌಗು ನೆಲಕ್ಕೆ ಇಲ್ಲಿಯವರು ಜಡ್ಡಿ ಎನ್ನುತ್ತಾರೆ. ಇಲ್ಲಿ ಬೆಳೆದಿರುವುದು ಹೆಚ್ಚಾಗಿ ರಾಮಪತ್ರೆಯ ಬಳಗದ ಮರಗಳಾದ್ದರಿಂದ ಇದು ರಾಮಪತ್ರೆ ಜಡ್ಡಿ. ವಿಜ್ಞಾನಿಗಳು ಮಿರಿಸ್ಟಿಕಾ ಜೌಗು ಎಂದು ಕರೆಯುತ್ತಾರೆ.

ಮೊಮ್ಮಗಳ ಕಣ್ಣು ಮೊದಲು ಹೋದದ್ದು ಬೇರುಗಳ ಮೇಲೆ. ಕೆಲವು ಮರಗಳ ಕಾಂಡದಿಂದ ಬೇರುಗಳು ಓರೆಯಾಗಿ ಇಳಿದು, ಹತ್ತಾರು ಊರುಗೋಲು ಹಿಡಿದು ನಿಂತ ಮುದುಕರಂತೆ ಕಾಣುತ್ತಿದ್ದವು. ಇನ್ನು ಕೆಲವು ಮರಗಳ ಸುತ್ತ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಚಿದ ಮಂಡಿಯಂತೆ ಬಾಗಿ, ಮತ್ತೆ ಕೆಸರಿಗೇ ಇಳಿದಿದ್ದವು. ಮೊದಲನೆಯದು ಊರುಗೋಲು ಬೇರು, ಎರಡನೆಯದು ಮಂಡಿ ಬೇರು.

"ಬೇರು ನೀರು ಹುಡುಕಿಕೊಂಡು ಕೆಳಗೆ ಹೋಗುತ್ತದೆ ಅಂತ ಪಾಠದಲ್ಲಿದೆ. ಇದು ಯಾಕೆ ಮೇಲೆ ಬಂದಿದೆ ಅಜ್ಜಾ?"

ಬೇರೂ ಉಸಿರಾಡಬೇಕು. ನಮ್ಮ ಮೈಯಲ್ಲಿರುವಂತೆ ಬೇರಿನಲ್ಲೂ ಇರುವುದು ಜೀವಕೋಶಗಳೇ, ಆಹಾರದಿಂದ ಶಕ್ತಿ ಪಡೆಯಲು ಅವಕ್ಕೂ ಆಮ್ಲಜನಕ ಬೇಕು. ಸಾಧಾರಣ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ವರ್ಷವಿಡೀ ನೀರು ನಿಂತ ಕೆಸರಿನಲ್ಲಿ ಆ ಸಂದುಗಳೆಲ್ಲ ನೀರಿನಿಂದ ತುಂಬಿ ಗಾಳಿಗೆ ಜಾಗವೇ ಇರುವುದಿಲ್ಲ. ಕುಂಡದ ಗಿಡಕ್ಕೆ ಅತಿಯಾಗಿ ನೀರು ಹಾಕಿದರೆ ಅದು ಕೊಳೆತು ಸಾಯುವುದು ಇದೇ ಕಾರಣಕ್ಕೆ. ಮಂಡಿ ಬೇರು ಕೆಸರಿನಿಂದ ತಲೆ ಎತ್ತಿ, ಸಿಪ್ಪೆಯಲ್ಲಿರುವ ಸಣ್ಣ ರಂಧ್ರಗಳಿಂದ ಗಾಳಿ ತೆಗೆದುಕೊಳ್ಳುತ್ತದೆ. ಊರುಗೋಲು ಬೇರು ಮೆತ್ತನೆಯ ನೆಲದಲ್ಲಿ ಮರ ಬೀಳದಂತೆ ಹಿಡಿಯುತ್ತದೆ. ಇರುವ ಜಾಗಕ್ಕೆ ತಕ್ಕಂತೆ ಜೀವಿಯ ಮೈಕಟ್ಟು ಲಕ್ಷಾಂತರ ವರ್ಷಗಳಲ್ಲಿ, ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಬಂದದ್ದನ್ನು ಹೊಂದಾಣಿಕೆ ಎನ್ನುತ್ತಾರೆ.

ಇಂಥ ಜೌಗು ಕಾಡು ಇದೆ ಎಂದು 1960ರಲ್ಲಿ ಮೊದಲು ವಿವರವಾಗಿ ಬರೆದವರು ಕೆ. ಕೃಷ್ಣಮೂರ್ತಿ. ಅವರು ಕಂಡದ್ದು ಕೇರಳದ ತಿರುವಾಂಕೂರಿನ ಕಾಡುಗಳಲ್ಲಿ. ಉತ್ತರ ಕನ್ನಡದ ಜಡ್ಡಿಗಳನ್ನು ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಹುಡುಕಿ 1999ರಲ್ಲಿ ವರದಿ ಮಾಡಿದರು. ಊರವರಿಗೆ ಜಡ್ಡಿ ಮೊದಲೇ ಗೊತ್ತಿತ್ತು. ಅದರಲ್ಲಿ ಏನೇನಿದೆ, ಎಷ್ಟೆಷ್ಟಿದೆ, ಬೇರೆ ಕಾಡಿಗೂ ಇದಕ್ಕೂ ಏನು ವ್ಯತ್ಯಾಸ ಎಂಬುದು ಬರಹಕ್ಕೆ ಬಂದದ್ದು ಆಗ.

ಅಜ್ಜಿಯ ಮಸಾಲೆ ಡಬ್ಬಿಯ ನೆಂಟರು

ರಾಮಪತ್ರೆ ಎಂದ ಕೂಡಲೇ ಮನೆಯ ಅಜ್ಜಿಯರಿಗೆ ಅಡುಗೆಮನೆ ನೆನಪಾಗುತ್ತದೆ. ಜಾಯಿಕಾಯಿ, ಜಾಪತ್ರೆ, ರಾಮಪತ್ರೆ ಎಲ್ಲ ಒಂದೇ ಕುಟುಂಬ. ಹಣ್ಣು ಬಿರಿದಾಗ ಒಳಗಿನ ಬೀಜಕ್ಕೆ ಕೆಂಪು ದಾರ ಸುತ್ತಿದಂತೆ ಒಂದು ಹೊದಿಕೆ ಕಾಣುತ್ತದೆ. ಒಣಗಿಸಿ ನಾವು ಮಸಾಲೆಗೆ ಹಾಕುವುದು ಅದನ್ನೇ. ಹೂ ಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಬಹಳ ಹಿಂದೆಯೇ ಒಡೆದ ಕವಲುಗಳಲ್ಲಿ ಈ ಕುಟುಂಬವೂ ಒಂದು. ಈ ಮರಗಳ ಪೂರ್ವಿಕರು ಮನುಷ್ಯ ಭೂಮಿಗೆ ಬರುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲಿನವರು.

ಆ ಕೆಂಪು ಹೊದಿಕೆ ಇರುವುದು ನಮಗಾಗಿ ಅಲ್ಲ. ಅದು ಮಂಗಟ್ಟೆ ಹಕ್ಕಿಗೆ ಮರ ಕೊಡುವ ಕೂಲಿ. ಮಂಗಟ್ಟೆ ಬೀಜವನ್ನು ಇಡಿಯಾಗಿ ನುಂಗುತ್ತದೆ, ಹೊದಿಕೆಯನ್ನು ಅರಗಿಸಿಕೊಳ್ಳುತ್ತದೆ, ಬೀಜವನ್ನು ಇನ್ನೆಲ್ಲೋ ಉಗುಳುತ್ತದೆ. ಮರಕ್ಕೆ ಕಾಲಿಲ್ಲದಿದ್ದರೂ ಅದರ ಮಕ್ಕಳು ಹೀಗೆ ದೂರ ಹೋಗಿ ಬೆಳೆಯುತ್ತವೆ.

ಆದರೆ ಬೀಜ ಬಿದ್ದ ಕಡೆಯಲ್ಲೆಲ್ಲ ಸಸಿ ಏಳುವುದಿಲ್ಲ. ರಾಗಿ, ಭತ್ತದ ಬೀಜವನ್ನು ಒಣಗಿಸಿ ಕಣಜದಲ್ಲಿಟ್ಟು ಮುಂದಿನ ವರ್ಷ ಬಿತ್ತಬಹುದು. ಜಡ್ಡಿಯ ಮರಗಳ ಬೀಜ ಒಣಗಿದರೆ ಸತ್ತೇಹೋಗುತ್ತದೆ. ತೇವವಿರುವಾಗಲೇ, ನೆರಳಿನಲ್ಲೇ ಮೊಳೆಯಬೇಕು. ಅದೂ ಅಲ್ಲದೆ ಈ ಕುಟುಂಬದಲ್ಲಿ ಸಾಮಾನ್ಯವಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹತ್ತು ಮರ ಉಳಿದು ಹತ್ತೂ ಗಂಡೇ ಆದರೆ ಮುಂದಿನ ತಲೆಮಾರಿಲ್ಲ. ಕಾಡಿನಲ್ಲಿ ಎಷ್ಟು ಮರ ಉಳಿದಿದೆ ಎಂದು ಎಣಿಸಿದರೆ ಸಾಲದು, ಯಾವ ಮರ ಎಂದೂ ನೋಡಬೇಕಾಗುವುದು ಇದಕ್ಕೆ.

2000ನೇ ಇಸವಿಯಲ್ಲಿ ಇದೇ ಕತ್ತಲೆಕಾನಿನ ಜಡ್ಡಿಯಿಂದ ಹೊಸ ಮರವೊಂದರ ಹೆಸರು ವಿಜ್ಞಾನದ ಪಟ್ಟಿ ಸೇರಿತು. ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಸಂಶೋಧಕರು ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಇದು ಮಾವು, ಗೋಡಂಬಿಗಳ ಕುಟುಂಬದ್ದು. ಬಟ್ಟೆಗೆ ಅಗಸರು ಗುರುತು ಹಾಕಲು ಬಳಸುತ್ತಿದ್ದ ಗೇರುಬೀಜದ ಮರಕ್ಕೆ ಹತ್ತಿರದ ನೆಂಟ. ಸಿದ್ದಾಪುರ ತಾಲ್ಲೂಕಿನ ಕಾನಿನ ಹೆಸರು ಹೀಗೆ ಪ್ರಪಂಚದ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಸೇರಿಕೊಂಡಿದೆ.

ಕಾಡನ್ನು ಎಣಿಸುವುದು ಹೇಗೆ?

"ಮಾವ, ಇಷ್ಟೊಂದು ಮರ ಒಂದೊಂದಾಗಿ ಎಣಿಸಿದರಾ?" ಎಂದು ಮೊಮ್ಮಗಳು ಕೇಳಿದಳು.

ಅವರು ನಕ್ಕರು. "ಅನ್ನ ಬೆಂದಿದೆಯಾ ಅಂತ ಅಮ್ಮ ಎಷ್ಟು ಅಗುಳು ಹಿಸುಕಿ ನೋಡುತ್ತಾಳೆ?"

"ಒಂದೆರಡು."

"ಇಲ್ಲೂ ಹಾಗೆಯೇ. ಆದರೆ ಕಾಡು ಒಂದೇ ಪಾತ್ರೆಯಲ್ಲಿ ಬೆಂದ ಅನ್ನ ಅಲ್ಲ ನೋಡು, ಅದಕ್ಕೇ ಹಲವು ಕಡೆ ಅಗುಳು ತೆಗೆಯಬೇಕು."

ಅವರು ವಿವರಿಸಿದ ಕ್ರಮ ಹೀಗಿದೆ. ಹಳ್ಳದ ಉದ್ದಕ್ಕೆ ಒಂದು ನೇರ ಗೆರೆ ಹಿಡಿಯುತ್ತಾರೆ. ಗೊತ್ತಾದ ದೂರಕ್ಕೊಂದರಂತೆ ಹಗ್ಗ ಎಳೆದು ಚೌಕ ಮಾಡುತ್ತಾರೆ. ಚೌಕದೊಳಗಿನ ಪ್ರತಿ ದೊಡ್ಡ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ಎಂದರೆ ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ, ಟೇಪಿನಿಂದ ಅಳೆಯುತ್ತಾರೆ. ಬುಡದಲ್ಲಿ ಅಳೆದರೆ ಬೇರಿನ ಉಬ್ಬು ಸೇರಿ ಲೆಕ್ಕ ಕೆಡುತ್ತದೆ. ಎಲ್ಲರೂ ಒಂದೇ ಎತ್ತರದಲ್ಲಿ ಅಳೆದರೆ ಮಾತ್ರ ಇಲ್ಲಿಯ ಮರವನ್ನು ಕೇರಳದ ಮರದೊಂದಿಗೆ ಹೋಲಿಸಬಹುದು. ದೊಡ್ಡ ಚೌಕದೊಳಗೆ ಸಣ್ಣ ಚೌಕ ಮಾಡಿ ಸಸಿಗಳನ್ನು ಎಣಿಸುತ್ತಾರೆ. ದೊಡ್ಡ ಮರಗಳು ಬೇಕಾದಷ್ಟಿದ್ದು ಸಸಿಗಳೇ ಇಲ್ಲದಿದ್ದರೆ ಅದು ಮುದುಕರಷ್ಟೇ ಉಳಿದ ಊರಿನಂತೆ. ಇವತ್ತು ಹಸಿರಾಗಿ ಕಂಡರೂ ಐವತ್ತು ವರ್ಷದ ನಂತರ ಇರುವುದಿಲ್ಲ.

ಹೀಗೆ ಹಳ್ಳದ ಪಕ್ಕದ ಚೌಕಗಳನ್ನೂ ಹಳ್ಳದಿಂದ ದೂರದ ಚೌಕಗಳನ್ನೂ ಹೋಲಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ, ಪ್ರಪಂಚದ ಬೇರೆಲ್ಲೂ ಕಾಣದ ಮರಗಳು ನೀರಿನ ಸನಿಹದಲ್ಲೇ ಹೆಚ್ಚು. ಉಭಯವಾಸಿಗಳ ಕಥೆಯೂ ಹಾಗೆಯೇ. ಈ ಪುಟ್ಟ ಕಾನಿನಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಉಭಯವಾಸಿಗಳು ದಾಖಲಾಗಿವೆ. ಅವುಗಳಲ್ಲಿ ಹೆಚ್ಚಿನವು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ.

ಮಣ್ಣು ಮೆತ್ತುವ ಅಪ್ಪ

ಸಂಜೆ ಆರೂವರೆಗೆ ಮಳೆ ಸ್ವಲ್ಪ ನಿಂತಿತು. ಕಾನಿನ ಅಂಚಿನ ಸಣ್ಣ ಹಳ್ಳದ ಬಳಿ ಕಲ್ಲಿನ ಮೇಲೆ ಕೂತೆವು. ಟಾರ್ಚಿನ ಗಾಜಿಗೆ ಕೆಂಪು ಕಾಗದ ಕಟ್ಟಿದ್ದೆವು, ಬಿಳಿ ಬೆಳಕು ಬಿದ್ದರೆ ಕಪ್ಪೆಗಳು ಕೂಗುವುದನ್ನು ನಿಲ್ಲಿಸುತ್ತವೆ ಎಂದು. ಮೊದಲು ಒಂದು ಕೂಗಿತು. ಆಮೇಲೆ ಹಳ್ಳದ ಆಚೆಯಿಂದ ಇನ್ನೊಂದು. ಸ್ವಲ್ಪ ಹೊತ್ತಿನಲ್ಲಿ ಯಾವುದು ಯಾವ ಕಡೆಯಿಂದ ಎಂದು ಹೇಳಲಾಗದಷ್ಟು ಕೂಗುಗಳು ತುಂಬಿಕೊಂಡವು.

ಕೂಗುವುದು ಗಂಡು ಕಪ್ಪೆಗಳು. ಒಂದೊಂದು ಜಾತಿಗೂ ಒಂದೊಂದು ಕೂಗು. ಹೆಣ್ಣು ಕತ್ತಲಲ್ಲಿ ತನ್ನ ಜಾತಿಯ ಗಂಡನ್ನು ಗುರುತಿಸುವುದು ಆ ದನಿಯಿಂದಲೇ. ಸಂಶೋಧಕರು ಕೂಗನ್ನು ಧ್ವನಿಮುದ್ರಿಸಿಕೊಂಡು, ಕಂಪ್ಯೂಟರಿನಲ್ಲಿ ಅದರ ಚಿತ್ರ ತೆಗೆದು, ಎಷ್ಟು ಹೊತ್ತು, ಎಷ್ಟು ಏರು, ಎಷ್ಟು ಇಳಿ ಎಂದು ಅಳೆಯುತ್ತಾರೆ. ನೋಡಲು ಒಂದೇ ರೀತಿಯಿದ್ದ ಎರಡು ಕಪ್ಪೆಗಳು ಬೇರೆ ಬೇರೆ ಜಾತಿ ಎಂಬ ಅನುಮಾನ ಎಷ್ಟೋ ಸಲ ಮೊದಲು ಹುಟ್ಟುವುದು ಕಿವಿಯಿಂದ.

ಈ ಹಳ್ಳಗಳ ನಿವಾಸಿಯೇ ಕುಂಬಾರ ಕಪ್ಪೆ. ವೈಜ್ಞಾನಿಕ ಹೆಸರು ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಮೊದಲ ಭಾಗಕ್ಕೆ ಇರುಳುಗಪ್ಪೆ ಎಂದರ್ಥ. ಎರಡನೆಯದು ನಮ್ಮದೇ ಕನ್ನಡದ ಕುಂಬಾರ. ಕೆ.ವಿ. ಗುರುರಾಜ, ಕೆ.ಪಿ. ದಿನೇಶ್, ಎಚ್. ಪ್ರೀತಿ ಮತ್ತು ಜಿ. ರವಿಕಾಂತ್ 2014ರಲ್ಲಿ ಈ ಕಪ್ಪೆಯನ್ನು ಪ್ರಪಂಚಕ್ಕೆ ಪರಿಚಯಿಸಿದರು. ಹೆಸರಿಗೆ ಕಾರಣ ಅದರ ಕೆಲಸ.

ಹೆಣ್ಣು ಕಪ್ಪೆ ಮುಂಗಾಲುಗಳ ಮೇಲೆ ನಿಂತು, ಹಿಂಭಾಗವನ್ನು ಮೇಲೆತ್ತಿ, ನೀರಿನ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಆಟದ ಮೈದಾನದಲ್ಲಿ ಮಕ್ಕಳು ಕೈ ಊರಿ ತಲೆಕೆಳಗಾಗಿ ನಿಲ್ಲುತ್ತಾರಲ್ಲ, ಸುಮಾರು ಹಾಗೆ. ಮೊಟ್ಟೆ ಇಟ್ಟು ಅದು ಹೊರಟುಹೋಗುತ್ತದೆ. ಮುಂದಿನದು ಗಂಡಿನ ಪಾಳಿ. ಅದು ಹಳ್ಳದ ತಳದ ಮಣ್ಣನ್ನು ಮುಂಗೈಗಳಲ್ಲಿ ಬಾಚಿಕೊಂಡು, ಹಿಂಗಾಲುಗಳ ಮೇಲೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಗ್ಗಿ ಮಣ್ಣು, ಮತ್ತೆ ಎದ್ದು ಮೆತ್ತು. ಮೊಟ್ಟೆ ಕಾಣದಂತೆ ಮುಚ್ಚುವವರೆಗೂ ಇದೇ ಕೆಲಸ. ಮೊಟ್ಟೆಯನ್ನು ಕಾಯುವ ಕಪ್ಪೆಗಳು, ಬೆನ್ನ ಮೇಲೆ ಮರಿ ಹೊರುವ ಕಪ್ಪೆಗಳು ಬೇರೆ ದೇಶಗಳಲ್ಲಿ ಗೊತ್ತಿದ್ದವು. ಹೀಗೆ ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ.

ನಮಗೆ ಆ ರಾತ್ರಿ ಕುಂಬಾರ ಕೆಲಸ ಮಾಡುವುದು ಕಾಣಲಿಲ್ಲ. ಹಳ್ಳದ ಆಚೆ ಬದಿಯ ಕಡ್ಡಿಯೊಂದಕ್ಕೆ ಅಂಟಿದ ಕೆಸರಿನ ಉಂಡೆಯನ್ನು ಮಾವ ಬೆರಳು ತೋರಿಸಿದರು. ಅವರು ತೋರಿಸದಿದ್ದರೆ ಹಳ್ಳದ ನೀರು ಸಿಡಿದು ಹತ್ತಿದ ಕೆಸರು ಎಂದುಕೊಂಡು ದಾಟುತ್ತಿದ್ದೆವು. ಮುಟ್ಟುವುದು ಬೇಡ ಎಂದರು. ಮೊಮ್ಮಗಳು ಎಡಗಡೆ ಬರೆದಳು: 'ಕಡ್ಡಿಯ ಮೇಲೆ ಮಣ್ಣಿನ ಉಂಡೆ, ನೀರಿನಿಂದ ಒಂದು ಗೇಣು ಮೇಲೆ.' ಬಲಗಡೆ: 'ಒಳಗೆ ಮೊಟ್ಟೆ ಇರಬಹುದು.'

ಮಣ್ಣು ಯಾಕೆ?

ಕಪ್ಪೆಯ ಮೊಟ್ಟೆಗೆ ಕೋಳಿಮೊಟ್ಟೆಯಂಥ ಚಿಪ್ಪಿಲ್ಲ. ಸುತ್ತ ಇರುವುದು ಲೋಳೆ ಮಾತ್ರ. ಕೆರೆಯ ಕಪ್ಪೆಗಳು ನೀರಿನಲ್ಲೇ ಮೊಟ್ಟೆ ಇಡುವುದರಿಂದ ಒಣಗುವ ಭಯವಿಲ್ಲ, ಆದರೆ ಮೀನಿನ ಭಯವಿದೆ. ನೀರಿನ ಮೇಲಿನ ಕಡ್ಡಿಗೆ ಅಂಟಿಸಿದರೆ ಮೀನಿನಿಂದ ಪಾರು, ಆದರೆ ಒಣಗುವ ಭಯ. ಮೊಟ್ಟೆಯೊಳಗೆ ಬೆಳೆದ ಗೊದಮೊಟ್ಟೆ ಹೊರಬಂದು ಕೆಳಗಿನ ನೀರಿಗೆ ಬೀಳುವವರೆಗೆ ಹೇಗಾದರೂ ತೇವ ಉಳಿಯಬೇಕು.

ಹಾಗಾದರೆ ಮಣ್ಣು ಮೊಟ್ಟೆ ಒಣಗದಂತೆ ಕಾಪಾಡುತ್ತದೆಯೆ? ಅಥವಾ ಮೊಟ್ಟೆ ತಿನ್ನುವ ಏಡಿ, ಕೀಟಗಳ ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆಯೆ? ಎರಡೂ ಇರಬಹುದು. ಇಂಥ ಪರೀಕ್ಷಿಸಬಹುದಾದ ಊಹೆಗೆ ವಿಜ್ಞಾನದಲ್ಲಿ ಪ್ರಾಕ್ಕಲ್ಪನೆ ಎನ್ನುತ್ತಾರೆ. 'ದೇವರು ಹಾಗೆ ಮಾಡಿದ್ದಾನೆ' ಎಂಬುದು ನಂಬಿಕೆಯ ಮಾತಾಗಬಹುದು, ಆದರೆ ಅದನ್ನು ಅಳತೆಗೆ ಹಚ್ಚಲಾಗದು. 'ಮಣ್ಣಿದ್ದರೆ ತೇವ ಹೆಚ್ಚು ಹೊತ್ತು ಉಳಿಯುತ್ತದೆ' ಎಂಬುದನ್ನು ಅಳೆದು ನೋಡಬಹುದು.

ಇದನ್ನು ಕಪ್ಪೆಯ ಮೊಟ್ಟೆ ಮುಟ್ಟದೆಯೇ, ಅಜ್ಜ ಅಜ್ಜಿಯ ಜೊತೆ ಮನೆಯಲ್ಲೇ ಒಂದಿಷ್ಟು ಮಾಡಿ ನೋಡಬಹುದು. ಇಪ್ಪತ್ತು ಹೆಸರುಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಹತ್ತು ಕಾಳನ್ನು ಒಂದು ತಟ್ಟೆಯಲ್ಲಿ ಹಾಗೇ ಇಡಿ. ಇನ್ನು ಹತ್ತಕ್ಕೆ, ಒಂದೊಂದಕ್ಕೂ, ಗಣಪತಿ ಮಾಡುವಂಥ ಹಸಿ ಜೇಡಿಮಣ್ಣು ಮೆತ್ತಿ ಇನ್ನೊಂದು ತಟ್ಟೆಯಲ್ಲಿಡಿ. ಎರಡೂ ತಟ್ಟೆ ಒಂದೇ ರೀತಿಯವು, ಒಂದೇ ಕಿಟಕಿಯ ಬಳಿ, ಒಂದೇ ನೆರಳಿನಲ್ಲಿ ಇರಲಿ. ಒಂದು ಬಿಸಿಲಿಗೆ, ಇನ್ನೊಂದು ನೆರಳಿಗೆ ಇಟ್ಟರೆ ಒಣಗಿದ್ದು ಬಿಸಿಲಿಗೋ ಮಣ್ಣಿಲ್ಲದ್ದಕ್ಕೋ ಎಂದು ಹೇಳಲಾಗದು. ಒಂದು ಸಲಕ್ಕೆ ಒಂದೇ ಒಂದು ವ್ಯತ್ಯಾಸ ಇರಬೇಕು, ಉಳಿದದ್ದೆಲ್ಲ ಸಮ. ಮಾರನೆಯ ದಿನ ಮಣ್ಣು ಬಿಡಿಸಿ, ಯಾವ ಕಾಳು ಉಬ್ಬಿಕೊಂಡಿದೆ, ಯಾವುದು ಸುಕ್ಕಾಗಿದೆ, ಯಾವುದು ಮೊಳೆತಿದೆ ಎಂದು ಎಣಿಸಿ ಬರೆಯಿರಿ.

ಒಂದೊಂದೇ ಕಾಳು ಇಟ್ಟರೆ ಸಾಲದೆ ಎಂದು ಕೇಳಬಹುದು. ಸಾಲದು. ಒಂದು ಕಾಳು ಮೊದಲೇ ಹುಳುಕಾಗಿದ್ದರೆ? ಜೀವಿಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದೇ ಬಸುರಿನ ಅಣ್ಣ ತಮ್ಮಂದಿರೇ ಬೇರೆ ಬೇರೆ ಇರುತ್ತಾರೆ. ಹತ್ತನ್ನು ನೋಡಿದರೆ ಒಂದೆರಡರ ಹುಳುಕು ನಮ್ಮನ್ನು ದಾರಿ ತಪ್ಪಿಸುವುದಿಲ್ಲ. ಫಲಿತಾಂಶ ನೀವು ಅಂದುಕೊಂಡಂತೆ ಬರದಿದ್ದರೆ ಅಳಿಸಬೇಡಿ. ಬಂದದ್ದನ್ನೇ ಬರೆದು, ಇನ್ನೊಮ್ಮೆ ಮಾಡಿ.

ಈ ಪ್ರಯೋಗ ಹೇಳುವುದು ಹೆಸರುಕಾಳಿನ ಬಗ್ಗೆ. ಕಪ್ಪೆಯ ಮೊಟ್ಟೆಯ ವಿಷಯ ತಿಳಿಯಬೇಕಾದರೆ ಕಪ್ಪೆಯ ಮೊಟ್ಟೆಗಳನ್ನೇ, ಅವು ಇರುವ ಜಾಗದಲ್ಲೇ, ಅನುಮತಿ ಪಡೆದು, ಕೆಡಿಸದಂತೆ ಹಲವು ಮಳೆಗಾಲ ಗಮನಿಸಬೇಕು. ಕಾಡಿನ ವಿಜ್ಞಾನಕ್ಕೆ ವರ್ಷಗಟ್ಟಲೆ ಹಿಡಿಯುವುದು ಅದಕ್ಕೆ.

ಹೊಸ ಹೆಸರು ಇಡುವ ಶಾಸ್ತ್ರ

ಮಗುವಿಗೆ ಹೆಸರಿಡಲು ಹನ್ನೊಂದೋ ಹನ್ನೆರಡೋ ದಿನ ಸಾಕು. ಹೊಸ ಜಾತಿಯ ಕಪ್ಪೆಗೆ ವರ್ಷಗಳೇ ಬೇಕು. ಇದು ನಿಜವಾಗಿಯೂ ಹೊಸದೇ, ಅಥವಾ ನೂರು ವರ್ಷದ ಹಿಂದೆ ಯಾರೋ ಹೆಸರಿಟ್ಟದ್ದೇ? ಇರುಳುಗಪ್ಪೆಗಳ ಕುಲವನ್ನು ಬೌಲೆಂಜರ್ 1882ರಲ್ಲೇ ಹೆಸರಿಸಿದ್ದ. ಹಳೆಯ ಬರಹಗಳನ್ನೆಲ್ಲ ಓದಬೇಕು, ಸಂಗ್ರಹಾಲಯಗಳಲ್ಲಿ ಸೀಸೆಯಲ್ಲಿಟ್ಟ ಹಳೆಯ ಮಾದರಿಗಳೊಂದಿಗೆ ಕಾಲು, ಬೆರಳು, ಚರ್ಮ, ತಲೆಯ ಅಳತೆಗಳನ್ನು ಹೋಲಿಸಬೇಕು. ಕೂಗನ್ನು ಹೋಲಿಸಬೇಕು. ಜೀವಕೋಶದೊಳಗಿನ ಡಿಎನ್‌ಎಯನ್ನು ಓದಬೇಕು. ಡಿಎನ್‌ಎ ಎಂದರೆ ತಂದೆತಾಯಿಯಿಂದ ಮಕ್ಕಳಿಗೆ ನಕಲಾಗಿ ಬರುವ ಉದ್ದನೆಯ ಸಂದೇಶ. ಹತ್ತಿರದ ನೆಂಟರಲ್ಲಿ ಆ ಸಂದೇಶ ಹೆಚ್ಚು ಒಂದೇ ತೆರನಾಗಿರುತ್ತದೆ, ದೂರದವರಲ್ಲಿ ವ್ಯತ್ಯಾಸ ಹೆಚ್ಚು.

ಎಲ್ಲ ಸಾಕ್ಷಿಯೂ ಒಂದೇ ಕಡೆ ಬೆರಳು ತೋರಿಸಿದರೆ, ಬೇರೆ ವಿಜ್ಞಾನಿಗಳು ಪರಿಶೀಲಿಸಿ ಒಪ್ಪಿದ ಮೇಲೆ, ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಹೆಸರಿನಲ್ಲಿ ಎರಡು ಪದ: ಮೊದಲನೆಯದು ಕುಲ, ಎರಡನೆಯದು ಜಾತಿ. ಪ್ರಾಣಿಗಳಿಗೆಲ್ಲ ಈ ಕ್ರಮವನ್ನು ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಜಾರಿಗೆ ತಂದ. ನಮ್ಮಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಸ್ವಂತ ಹೆಸರು ಇಡುವವರಿದ್ದಾರಲ್ಲ, ಹಾಗೆಂದುಕೊಳ್ಳಿ. 2011ರಲ್ಲಿ ಒಂದೇ ಸಲಕ್ಕೆ ಹನ್ನೆರಡು ಹೊಸ ಇರುಳುಗಪ್ಪೆಗಳಿಗೆ ಹೆಸರಿಡಲಾಯಿತು. ಅವುಗಳಲ್ಲಿ ಒಂದರ ಹೆಸರು ಜೋಗ. ಈ ಇಡೀ ಕುಲ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ. ಇಲ್ಲಿಂದ ಹೋದರೆ ಭೂಮಿಯಿಂದಲೇ ಹೋದಂತೆ.

ಜಡ್ಡಿಯ ನೀರು ಯಾರದು?

ಮರುದಿನ ಬೆಳಿಗ್ಗೆ ಮಾವನ ತೋಟಕ್ಕೆ ಹೋದೆವು. ತೋಟದ ಮೇಲ್ಭಾಗದಲ್ಲಿ ಒಂದು ಸಣ್ಣ ಜಡ್ಡಿ. ಅಲ್ಲಿಂದ ಹೊರಟ ನೀರು ಕಾಲುವೆಯಲ್ಲಿ ಹರಿದು ಅಡಿಕೆ ಮರಗಳ ಬುಡಕ್ಕೆ ಬರುತ್ತಿತ್ತು.

"ಎಲ್ಲ ಕಡೆ ಹಳ್ಳ ಬತ್ತಿದರೂ ಇದು ಮೇ ತಿಂಗಳಲ್ಲಿ ಬೆರಳು ಗಾತ್ರವಾದರೂ ಹರಿಯುತ್ತದೆ. ನಮ್ಮ ಅಜ್ಜ ತೋಟ ಹಾಕುವಾಗ ಇದೊಂದನ್ನು ಕಡಿಯಲಿಲ್ಲ," ಎಂದರು ಅವರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಳಗಿನ ಎರಡು ಜಡ್ಡಿ ಇದ್ದ ಜಾಗದಲ್ಲಿ ಈಗ ತೋಟವೇ ಇದೆ," ಎಂದು ಸೇರಿಸಿದರು.

ಜಡ್ಡಿಗಳು ಕಡಿಮೆಯಾದದ್ದು ಹೀಗೆಯೇ. ವರ್ಷವಿಡೀ ನೀರಿರುವ ಕಣಿವೆಯ ತಳವೇ ಗದ್ದೆಗೂ ತೋಟಕ್ಕೂ ಬೇಕಾದ ಜಾಗ. ತೋಟ ಮಾಡಿದವರು ಹೊಟ್ಟೆಪಾಡಿಗೆ ಮಾಡಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಈಗ ಉಳಿದಿರುವುದು ಚೂರು ಚೂರು. ಒಂದು ಚೂರಿನ ಮರಕ್ಕೆ ಇನ್ನೊಂದು ಚೂರಿನ ಮರದೊಂದಿಗೆ ಸಂಬಂಧ ಉಳಿಯಬೇಕಾದರೆ ನಡುವೆ ಮಂಗಟ್ಟೆ ಹಾರುವಷ್ಟು ಕಾಡಿರಬೇಕು.

ಇನ್ನೊಂದು ಆತಂಕ ರಸ್ತೆಯದು. ಹೆದ್ದಾರಿ ಕಾನಿನ ಮೈಗೆ ಅಂಟಿಕೊಂಡೇ ಹೋಗುತ್ತದೆ. ಮಳೆಯ ರಾತ್ರಿ ರಸ್ತೆ ದಾಟುವ ಕಪ್ಪೆಗಳು ಚಕ್ರಕ್ಕೆ ಸಿಗುತ್ತವೆ. ಅಗಲ ಮಾಡಲು ಅಂಚಿನ ಮರ ಕಡಿದರೆ ಬಿಸಿಲು ನೇರವಾಗಿ ಕೆಸರಿಗೆ ಬೀಳುತ್ತದೆ. ಒಣಗಬಾರದ ಬೀಜ, ಒಣಗಬಾರದ ಮೊಟ್ಟೆ, ಎರಡಕ್ಕೂ ಅದು ಕೆಡುಕು. ಕಪ್ಪೆ ತನ್ನ ತೇವದ ಚರ್ಮದಿಂದಲೂ ಉಸಿರಾಡುವ ಜೀವಿ. ಗಾಳಿ ಒಣಗಿದರೂ ನೀರು ಕೆಟ್ಟರೂ ಮೊದಲು ತಟ್ಟುವುದು ಅದಕ್ಕೆ. ಅದಕ್ಕೇ ಹಳ್ಳದ ಆರೋಗ್ಯ ತಿಳಿಯಲು ವಿಜ್ಞಾನಿಗಳು ಕಪ್ಪೆಗಳ ಲೆಕ್ಕ ಇಡುತ್ತಾರೆ. ಕಪ್ಪೆಯ ಕೂಗು ಕಡಿಮೆಯಾದ ಹಳ್ಳದ ನೀರನ್ನೇ ಕೆಳಗಿನ ಊರಿನವರು ಕುಡಿಯುತ್ತಿರುತ್ತಾರೆ.

ಸಮಾಧಾನದ ಸಂಗತಿಯೂ ಇದೆ. ಸಿಂಗಳೀಕಗಳು ಇನ್ನೂ ಓಡಾಡುವ ಈ ಕಾಡುಗಳನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಭಾಗವಾಯಿತು. ಸಂಶೋಧಕರು ಎಣಿಸಿ, ಅಳೆದು, ಹೆಸರಿಟ್ಟು ಬರೆದಿಟ್ಟ ಪಟ್ಟಿಗಳು ಇಂಥ ತೀರ್ಮಾನಗಳಿಗೆ ಆಧಾರವಾಗುತ್ತವೆ. 'ಒಳ್ಳೆಯ ಕಾಡು, ಉಳಿಸಿ' ಎಂದರೆ ಕಚೇರಿಯಲ್ಲಿ ಯಾರೂ ಕೇಳದಿರಬಹುದು. 'ಈ ಮರ, ಈ ಕಪ್ಪೆ ಇಲ್ಲಿವೆ, ಇಷ್ಟೇ ಇವೆ' ಎಂದು ಕಾಗದದಲ್ಲಿ ತೋರಿಸಿದರೆ ಕೇಳಲೇಬೇಕಾಗುತ್ತದೆ.

ಹೋಗುವವರಿಗೆ ಎರಡು ಮಾತು. ಮೈಸೂರು, ಬೆಂಗಳೂರಿನಿಂದ ತಾಳಗುಪ್ಪಕ್ಕೆ ರೈಲಿದೆ, ಅಲ್ಲಿಂದ ಮುಂದೆ ಬಸ್ಸು. ಅನುಮತಿ ಇಲ್ಲದೆ ಜಡ್ಡಿಯೊಳಗೆ ಇಳಿಯಬೇಡಿ. ಮಂಡಿ ಬೇರು ತುಳಿದರೆ ಮರದ ಮೂಗು ತುಳಿದಂತೆ. ಕಪ್ಪೆಯನ್ನು ಕೈಯಲ್ಲಿ ಹಿಡಿಯಬೇಡಿ, ನಮ್ಮ ಕೈಯ ಸೋಪು, ಎಣ್ಣೆ, ಉಪ್ಪು ಅದರ ಚರ್ಮಕ್ಕೆ ಆಗದು. ಕಾನಿಗೆ ಹೋಗಲಾಗದವರು ಮನೆಯ ಹಿಂದಿನ ಹೊಂಡದ ಬಳಿ ಅಥವಾ ಊರ ಕೆರೆಯ ಏರಿಯ ಮೇಲೆ ಮಳೆ ಬಿದ್ದ ಸಂಜೆ ಹತ್ತು ನಿಮಿಷ ಕೂತು ಕೇಳಿದರೂ ಆಯಿತು. ಎಷ್ಟು ಬಗೆಯ ಕೂಗು ಕೇಳಿಸಿತು, ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆದಿಡಿ. ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ, ಅವರು ಚಿಕ್ಕವರಿದ್ದಾಗ ಅದೇ ಕೆರೆಯಲ್ಲಿ ಏನೇನು ಕೇಳುತ್ತಿತ್ತು ಎಂದು ಕೇಳಿ, ಅದನ್ನೂ ತಾರೀಖು ಹಾಕಿ ಬರೆದುಕೊಳ್ಳಿ. ಮುಂದಿನ ವರ್ಷ ಅದೇ ವಾರ, ಅದೇ ಜಾಗದಲ್ಲಿ ಮತ್ತೆ ಕೂತು 'ಕಂಡದ್ದು' ಎಂಬ ಕಡೆ ಬರೆಯಿರಿ.